ಉತ್ತಮ ಶಿಕ್ಷಕರ ಹತ್ತಿರ ಅರ್ಜಿ ಕೇಳಬೇಡಿ, ತರಗತಿಗೆ ಬಂದು ನೋಡಿ

ಮಾನ್ಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಉಪನಿರ್ದೇಶಕರಿಗೆ, ಶಾಲೆಗಳಿಗೆ ಭೇಟಿ ಕೊಡುವ ಎಲ್ಲ ಅಧಿಕಾರಿಗಳಿಗೆ ನಮಸ್ಕಾರ.

ನಾನು ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಈ ಪತ್ರ ಯಾವ ಒಬ್ಬ ಅಧಿಕಾರಿಯ ಮೇಲಿನ ದೂರೂ ಅಲ್ಲ. ರಾಜ್ಯದ ಯಾವ ತಾಲ್ಲೂಕಿನವರು ಓದಿದರೂ ಇದು ತಮ್ಮ ಕಡೆಯ ಮಾತೇ ಅನ್ನಿಸಬಹುದು, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ಚೆನ್ನಾಗಿ ಪಾಠ ಮಾಡುವವರು ಯಾರು ಅಂತ ನೀವೇ ಬಂದು ನೋಡಿ, ನೋಡಿದ್ದನ್ನು ಅವರಿಗೇ ಹೇಳಿ, ಸಾಧ್ಯವಾದರೆ ಬರೆದು ಕೊಡಿ.

ಪ್ರತಿ ವರ್ಷ ಸೆಪ್ಟೆಂಬರ್ 5ಕ್ಕೆ ಮುಂಚೆ ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಕರೆಯುತ್ತಾರೆ. ಅರ್ಜಿ ಹಾಕುವವರು ಯಾರು? ಶಿಕ್ಷಕರೇ. ತಾನು ಒಳ್ಳೆಯ ಶಿಕ್ಷಕ ಅಂತ ತಾನೇ ಬರೆಯಬೇಕು, ಅದಕ್ಕೆ ಸಾಕ್ಷಿ ತಾನೇ ಜೋಡಿಸಬೇಕು. ಫೋಟೋಗಳು, ಪೇಪರಿನಲ್ಲಿ ಬಂದ ಸುದ್ದಿಯ ತುಣುಕುಗಳು, ದಾನಿಗಳಿಂದ ಏನೇನು ಕೊಡಿಸಿದೆ ಅನ್ನುವ ಪಟ್ಟಿ, ತರಬೇತಿಗಳ ಪ್ರಮಾಣಪತ್ರ, ಎಲ್ಲ ಸೇರಿ ಒಂದು ದಪ್ಪ ಫೈಲು. ಆ ಫೈಲು ಮಾಡಲು ಬರುವವರೂ ಒಳ್ಳೆಯ ಶಿಕ್ಷಕರೇ ಇರಬಹುದು, ಪ್ರಶಸ್ತಿ ಪಡೆದ ಎಷ್ಟೋ ಜನರ ಬಗ್ಗೆ ನನಗೆ ಗೌರವ ಇದೆ. ಆದರೆ ನಾನು ಕಂಡ ಅತ್ಯುತ್ತಮ ಶಿಕ್ಷಕರಲ್ಲಿ ಹಲವರು ಇವತ್ತಿನವರೆಗೂ ಅರ್ಜಿ ಹಾಕಿಲ್ಲ, ಮುಂದೆಯೂ ಹಾಕುವುದಿಲ್ಲ. "ನನ್ನ ಕೆಲಸ ಚೆನ್ನಾಗಿದೆ ಅಂತ ನಾನೇ ಬರೆದುಕೊಂಡು ಹೋಗಲಾ?" ಅಂತ ಕೇಳುತ್ತಾರೆ. ಅವರಿಗೆ ಏನು ಉತ್ತರ ಕೊಡೋಣ?

ಈ ಪದ್ಧತಿ ಯಾಕೆ ಬಂತು ಅನ್ನುವುದು ಗೊತ್ತಿದೆ. 1958ರಲ್ಲಿ ಶುರುವಾದ ರಾಷ್ಟ್ರ ಪ್ರಶಸ್ತಿಗೆ ಮೊದಲು ರಾಜ್ಯ ಸರ್ಕಾರಗಳು ಹೆಸರು ಕಳಿಸುತ್ತಿದ್ದವು. 2018ರಿಂದ ಶಿಕ್ಷಕರೇ ನೇರವಾಗಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕುವ ಹಾಗಾಯಿತು. ಮೇಲಿನವರ ಪರಿಚಯ ಇರುವವರಿಗೇ ಅವಕಾಶ ಸಿಗಬಾರದು, ಮೂಲೆಯ ಹಳ್ಳಿಯ ಮೇಷ್ಟ್ರಿಗೂ ದಾರಿ ಇರಬೇಕು ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಶಿಫಾರಸು ತಪ್ಪಿಸಲು ಹೋಗಿ, ನೋಡುವ ಕೆಲಸವನ್ನೇ ಕೈಬಿಟ್ಟರೆ ಹೇಗೆ? ಶಿಕ್ಷಕರೇ ಅರ್ಜಿ ಹಾಕುವ ಬದಲು ಅವರನ್ನು ಬಲ್ಲ ಬೇರೆ ಯಾರಾದರೂ ಹೆಸರು ಹೇಳುವ ಹಾಗೆ ಮಾಡಬಹುದಲ್ವಾ? ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿ) ಸದಸ್ಯರು, ಪಕ್ಕದ ಶಾಲೆಯ ಶಿಕ್ಷಕರು, ಆ ಶಾಲೆಯಲ್ಲಿ ಓದಿ ಹೋದವರು ಹೆಸರು ಸೂಚಿಸಲಿ. ನೀವು ಮುಂಚೆ ಹೇಳದೆ ಎರಡು ಸಲ ಹೋಗಿ ತರಗತಿಯಲ್ಲಿ ಕೂತು ಬನ್ನಿ. ನೀವು ಏನು ನೋಡಿದಿರಿ ಅನ್ನುವುದನ್ನು ಪ್ರಶಸ್ತಿಯ ಜೊತೆಗೆ ಎಲ್ಲರಿಗೂ ಓದಿ ಹೇಳಿ. ಆಗ ಶಿಫಾರಸಿನ ಮೇಲೆ ಕೊಟ್ಟಿದ್ದಾರೆ ಅಂತ ಯಾರೂ ಬೆರಳು ತೋರಿಸುವುದು ಕಷ್ಟ.

ಯಾರ ಹುಟ್ಟುಹಬ್ಬದ ದಿನ ಈ ಪ್ರಶಸ್ತಿ ಕೊಡುತ್ತೇವೋ ಆ ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಟ್ಟವರು. ಅವರು ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಗಾಡಿಗೆ ಹೂವಿನ ಅಲಂಕಾರ ಮಾಡಿ, ಕುದುರೆ ಬಿಚ್ಚಿ, ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು ಅಂತ ಮೈಸೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಆಗ ಅವರು ರಾಷ್ಟ್ರಪತಿಯೂ ಅಲ್ಲ, ಏನೂ ಅಲ್ಲ. ಮೂವತ್ತು ದಾಟಿದ ಒಬ್ಬ ಮೇಷ್ಟ್ರು ಅಷ್ಟೇ. ಗಾಡಿ ಎಳೆದ ಹುಡುಗರು ದಿನಾ ಅವರ ಪಾಠ ಕೇಳಿದ್ದವರು. ಕೆಲಸ ಕಣ್ಣಾರೆ ಕಂಡವರೇ ಬಂದು ಕೊಟ್ಟ ಗೌರವ ಅದು. 1962ರಿಂದ ನಾವು ಆಚರಿಸುತ್ತಿರುವ ಶಿಕ್ಷಕರ ದಿನಾಚರಣೆಯಲ್ಲಿ ನನಗೆ ಕಾಣದಿರುವುದು ಇದೇ.

ದಿನಾಚರಣೆಯ ದಿನ ಏನಾಗುತ್ತದೆ? ತಾಲ್ಲೂಕಿನ ಭವನದಲ್ಲಿ ಕಾರ್ಯಕ್ರಮ, ವೇದಿಕೆ ತುಂಬ ಗಣ್ಯರು, ಭಾಷಣ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಆಮೇಲೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಹೆಸರು ಕರೆಯುತ್ತಾರೆ, ಶಾಲೆಯ ಹೆಸರು ಹೇಳುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನವರು. ಈ ಶಿಕ್ಷಕಿ ಯಾಕೆ ಉತ್ತಮ ಶಿಕ್ಷಕಿ ಅನ್ನುವ ಒಂದು ವಾಕ್ಯ ಕೂಡ ಯಾರೂ ಹೇಳುವುದಿಲ್ಲ. ಕೆಳಗೆ ಕೂತ ನೂರಾರು ಶಿಕ್ಷಕರಿಗೆ ಅದರಿಂದ ಕಲಿಯುವುದಕ್ಕೆ ಏನೂ ಸಿಗುವುದಿಲ್ಲ. ಸನ್ಮಾನ ಮಾಡಿಸಿಕೊಂಡವರಿಗೂ ನಿಜವಾಗಿ ಏನು ಮೆಚ್ಚಿದರು ಅಂತ ತಿಳಿಯುವುದಿಲ್ಲ.

ಇನ್ನು ವರ್ಷದ ಉಳಿದ ದಿನಗಳಿಗೆ ಬರೋಣ, ನಿಜವಾದ ವಿಷಯ ಇರುವುದು ಅಲ್ಲೇ.

ನಮಗೂ ನಿಮಗೂ ಇರುವ ಸಂಬಂಧ ಬಹುಮಟ್ಟಿಗೆ ಮಾಹಿತಿಯ ಸಂಬಂಧ. ಬೆಳಿಗ್ಗೆ ಗ್ರೂಪಿನಲ್ಲಿ ಮೆಸೇಜು, "ಅತಿ ತುರ್ತು, ಮಧ್ಯಾಹ್ನದೊಳಗೆ ಕಳಿಸಿ." ಮೊಟ್ಟೆ ತಿಂದ ಮಕ್ಕಳೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಶೂ ಸಾಕ್ಸ್ ಹಂಚಿದ್ದಾಯಿತಾ, ಎಸ್‌ಎಟಿಎಸ್‌ನಲ್ಲಿ (ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ಹಾಜರಾತಿ ಹಾಕಿದ್ದಾಯಿತಾ, ಆಧಾರ್ ಜೋಡಣೆ ಆಯಿತಾ. ಇವೆಲ್ಲ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಕೊಟ್ಟವರಿಗೆ ಏನೂ ಉತ್ತರ ಇಲ್ಲ. ಕೊಡದವರ ಪಟ್ಟಿ ಮಾತ್ರ ಸಂಜೆ ಗ್ರೂಪಿನಲ್ಲಿ ಬರುತ್ತದೆ, ಶಾಲೆಯ ಹೆಸರು ಸಮೇತ. ಕೆಲಸ ಸರಿಯಾಗಿ ಮಾಡಿದರೆ ಮೌನ, ತಪ್ಪಿದರೆ ಎಲ್ಲರೆದುರು ಹೆಸರು. ವರ್ಷಗಟ್ಟಲೆ ಹೀಗೇ ನಡೆದರೆ ಮನುಷ್ಯರು ಏನು ಕಲಿಯುತ್ತಾರೆ ಹೇಳಿ? ಕಣ್ಣಿಗೆ ಬೀಳದ ಹಾಗೆ ಇರುವುದನ್ನು ಕಲಿಯುತ್ತಾರೆ. ಹೊಸದಾಗಿ ಸೇರಿದ, ಕಣ್ಣಲ್ಲಿ ಹೊಳಪಿರುವ ಹುಡುಗ ಹುಡುಗಿಯರು ನಾಲ್ಕೈದು ವರ್ಷಕ್ಕೆ "ಯಾಕೆ ಬೇಕು ಮೇಡಂ, ಕೇಳಿದ್ದನ್ನು ಕಳಿಸಿ ಸುಮ್ನಿರೋಣ" ಅನ್ನುವುದನ್ನು ಕೇಳಿದ್ದೇನೆ. ಸಂಕಟ ಆಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ದಸರಾ ರಜೆಯಲ್ಲಿ ಮನೆ ಮನೆ ತಿರುಗಿದವರು ಬಹುಪಾಲು ಶಿಕ್ಷಕರೇ. ಆ್ಯಪ್ ತೆರೆಯದೆ, ನೆಟ್‌ವರ್ಕ್ ಸಿಗದೆ, ಮೊಬೈಲ್ ಎತ್ತಿ ಹಿಡಿದುಕೊಂಡು ದಿಣ್ಣೆ ಹತ್ತಿದವರಿದ್ದಾರೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮದ ಹೆಸರಿನಲ್ಲಿ ದೇವಸ್ಥಾನದ ಜಗುಲಿ, ಮರದ ನೆರಳು, ಓಣಿಯ ಕಟ್ಟೆ ಹುಡುಕಿಕೊಂಡು ಹೋಗಿ ಪಾಠ ಮಾಡಿದವರೂ ಇವರೇ. ಆ ವರ್ಷ ಅಕ್ಟೋಬರಿನಲ್ಲಿ ವಿದ್ಯಾಗಮ ನಿಂತಿತು, ನಿಲ್ಲಿಸಲು ಕಾರಣವೂ ಇತ್ತು. ಆದರೆ ಆ ಎರಡು ಮೂರು ತಿಂಗಳು ಕೊರೊನಾದ ಭಯ ಇಟ್ಟುಕೊಂಡೇ ಓಣಿ ಓಣಿ ತಿರುಗಿದವರನ್ನು ಕೂರಿಸಿಕೊಂಡು "ಹೇಗೆ ಮಾಡಿದಿರಿ, ಏನು ಕಷ್ಟ ಆಯಿತು, ಯಾವ ಮಗು ಕೈತಪ್ಪಿ ಹೋಗದ ಹಾಗೆ ನೋಡಿಕೊಂಡಿರಿ" ಅಂತ ಒಬ್ಬರು ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಮೆಚ್ಚುಗೆ ಅಂದರೆ ಮುದ್ದು ಮಾಡುವುದು, ತಪ್ಪು ಮುಚ್ಚಿಹಾಕುವುದು ಅಂತ ದಯವಿಟ್ಟು ತಿಳಿಯಬೇಡಿ. ಒಬ್ಬ ಅಧಿಕಾರಿ ಒಮ್ಮೆ ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯ ನಲಿಕಲಿ ತರಗತಿಗೆ ಬಂದರು. ನಲಿಕಲಿ ಅಂದರೆ ಬೇರೆ ಬೇರೆ ವಯಸ್ಸಿನ ಚಿಕ್ಕ ಮಕ್ಕಳು ಒಟ್ಟಿಗೆ ಕೂತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಕುರ್ಚಿ ತರಿಸಲಿಲ್ಲ. ಮಕ್ಕಳ ತಟ್ಟೆಯ (ನಲಿಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ಹಾಗನ್ನುತ್ತಾರೆ) ಪಕ್ಕದಲ್ಲೇ ನೆಲದ ಮೇಲೆ ಕೂತು ಪೂರ್ತಿ ಒಂದು ಅವಧಿ ನೋಡಿದರು. ಹೋಗುವಾಗ ಸಂದರ್ಶನ ಪುಸ್ತಕದಲ್ಲಿ ಅರ್ಧ ಪುಟ ಬರೆದರು. ಗುಳೆ ಹೋಗಿ ವಾಪಸ್ ಬಂದ ಮಗುವನ್ನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಸಿದ್ದಾರೆ, ಆ ಮಗು ಸಂಕೋಚ ಇಲ್ಲದೆ ಚಿಕ್ಕ ಮಕ್ಕಳ ಜೊತೆ ಕೂತು ಕಲಿಯುತ್ತಿದೆ, ಒತ್ತಕ್ಷರ ತಪ್ಪಿದಾಗ ಇವರು ತಿದ್ದದೆ ಪಕ್ಕದ ಮಗುವಿನಿಂದ ಓದಿಸಿ ತಾನೇ ಕಂಡುಕೊಳ್ಳಲು ಬಿಟ್ಟರು, ಇದು ನನಗೆ ತುಂಬ ಹಿಡಿಸಿತು ಅಂತ. ಅದರ ಕೆಳಗೇ, ಗಣಿತದಲ್ಲಿ ದಶಕ ಪಡೆದು ಕಳೆಯುವ ಲೆಕ್ಕಕ್ಕೆ ಕಡ್ಡಿ ಕಟ್ಟು ಬಳಸಿದರೆ ಇನ್ನೂ ಸುಲಭವಾಗುತ್ತದೆ ಅಂತ ಒಂದು ಸಲಹೆ. ಅಷ್ಟೇ. ಆ ಶಿಕ್ಷಕಿ ಮಾರನೇ ದಿನವೇ ಕಡ್ಡಿ ತಂದು ಹತ್ತು ಹತ್ತರ ಕಟ್ಟು ಕಟ್ಟಿಸಿದರು. ಮಕ್ಕಳೂ ಬಿಡುವಿನಲ್ಲಿ ಕೂತು ಕಟ್ಟಿದರು. ನೋಟಿಸ್ ಕೊಟ್ಟು ಹೇಳಿದ್ದರೆ ಕಡ್ಡಿ ಬರುತ್ತಿತ್ತೇನೋ, ಆದರೆ ಇನ್ನೊಂದು ನೋಟಿಸ್ ಬರುವವರೆಗೆ ಕಪಾಟಿನಲ್ಲೇ ಇರುತ್ತಿತ್ತು.

ಆ ಅರ್ಧ ಪುಟದಲ್ಲಿ "ಬೋಧನೆ ಉತ್ತಮವಾಗಿದೆ" ಅನ್ನುವ ವಾಕ್ಯ ಇರಲಿಲ್ಲ, ಗಮನಿಸಿ. ಆ ವಾಕ್ಯ ಎಲ್ಲ ಶಾಲೆಯ ಸಂದರ್ಶನ ಪುಸ್ತಕದಲ್ಲೂ ಇದೆ, ಎಲ್ಲ ಪುಟದಲ್ಲೂ ಇದೆ. ಒಳಗೆ ಬಂದು ನೋಡದಿದ್ದರೂ ಬರೆಯಬಹುದಾದ ಮಾತು ಅದು. ಓದಿದವರಿಗೆ ತಮ್ಮ ಪಾಠದಲ್ಲಿ ಯಾವುದು ಹಿಡಿಸಿತು ಅಂತ ಅದರಿಂದ ಗೊತ್ತಾಗುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದದ್ದು ಮಾತ್ರ ಮನಸ್ಸಿಗೆ ಮುಟ್ಟುತ್ತದೆ.

ನಲಿಕಲಿಯ ಮಾತು ಬಂತು, ಹಾಗಾಗಿ ಇದನ್ನೂ ಹೇಳಬೇಕು. ಅದು ಹೇಗೆ ಹುಟ್ಟಿತು ಅಂತ ನೆನಪು ಮಾಡಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸಾಮಾನ್ಯ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡು ಪದ್ಧತಿ ನೋಡಿಕೊಂಡು ಬಂದರು. ಬಂದ ಮೇಲೆ ತಾವೇ ಕೂತು ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಹಾಡು, ಕಾರ್ಡು, ಕಲಿಕೆಯ ಏಣಿ ಎಲ್ಲ ತಯಾರು ಮಾಡಿದರು. ಕಾಡಂಚಿನ ಆ ತಾಲ್ಲೂಕಿನಲ್ಲಿ ಹಿಡಿದ ಕೆಲಸ ಬೇರೆ ಜಿಲ್ಲೆಗಳಿಗೆ ಹಬ್ಬಿ, 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಆ ಶಿಕ್ಷಕರನ್ನು ಅಷ್ಟು ದುಡಿಸಿದ್ದು ಯಾವುದು ಅಂತ ಯೋಚಿಸಿದರೆ ನನಗೆ ಕಾಣುವುದು ನಂಬಿಕೆ. "ನಿಮಗೆ ಮಕ್ಕಳು ಗೊತ್ತು, ನೀವೇ ಮಾಡಿ" ಅಂದವರು ಇದ್ದರು. ಒಬ್ಬ ಶಿಕ್ಷಕನಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಇದೆಯಾ? ಪದ್ಧತಿ ಎಲ್ಲ ಕಡೆ ಹೋಯಿತು, ಕಾರ್ಡುಗಳೂ ಮುದ್ರಣ ಆಗಿ ಬಂದವು. ಆ ನಂಬಿಕೆ ಮಾತ್ರ ಎಲ್ಲ ತಾಲ್ಲೂಕಿಗೂ ಬರಲಿಲ್ಲ. ಎಷ್ಟೋ ಕಡೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ ಕಟ್ಟಿದ್ದಾರಾ, ಹವಾಮಾನ ನಕ್ಷೆ ತುಂಬಿದ್ದಾರಾ ಅಂತ ಟಿಕ್ ಹಾಕುವುದಷ್ಟೇ ಉಳಿಯಿತು.

ಮೆಚ್ಚುಗೆ ಎಲ್ಲಿ ಬೀಳುತ್ತದೋ ಕೆಲಸ ಆ ಕಡೆ ಹರಿಯುತ್ತದೆ. ಹಾಗಾಗಿ ಏನನ್ನು ಮೆಚ್ಚುತ್ತೀರಿ ಅನ್ನುವುದರ ಮೇಲೂ ಗಮನ ಇರಲಿ. ಇವತ್ತು ಹೆಚ್ಚು ಹೊಗಳಿಕೆ ಸಿಗುವುದು ಫೋಟೋದಲ್ಲಿ ಕಾಣುವ ಕೆಲಸಕ್ಕೆ. ಗೋಡೆಗೆ ರೈಲು ಬೋಗಿಯ ಹಾಗೆ ಬಣ್ಣ ಬಳಿಸಿದರೆ ಹೊಗಳಿಕೆ, ದಾನಿ ಹಿಡಿದು ಸ್ಮಾರ್ಟ್ ಟಿವಿ ತಂದರೆ ಹೊಗಳಿಕೆ. ಬಣ್ಣದ ಗೋಡೆ ಮಕ್ಕಳಿಗೂ ಇಷ್ಟವೇ. ಆದರೆ ಐದನೇ ತರಗತಿಗೆ ಬಂದರೂ ಓದಲು ಬಾರದ ಮಗುವನ್ನು ಊಟದ ಬಿಡುವಿನಲ್ಲಿ ದಿನಾ ಪಕ್ಕದಲ್ಲಿ ಕೂರಿಸಿಕೊಂಡು, ಬೈಯದೆ, ಬೇಸರ ಮಾಡಿಕೊಳ್ಳದೆ, ಒಂದು ಪ್ಯಾರಾ ತಡವರಿಸದೆ ಓದುವ ಹಾಗೆ ಮಾಡಿದವರ ಫೋಟೋ ಹೇಗೆ ತೆಗೆಯುತ್ತೀರಿ? ಅದು ತರಗತಿಗೆ ಬಂದವರಿಗೆ ಮಾತ್ರ ಕಾಣುತ್ತದೆ. ಒಂದರಿಂದ ಐದರವರೆಗೆ ಎಲ್ಲ ಮಕ್ಕಳನ್ನೂ ಇಬ್ಬರೇ ಶಿಕ್ಷಕರು, ಕೆಲವು ಕಡೆ ಒಬ್ಬರೇ, ನಿಭಾಯಿಸುವ ಶಾಲೆಗಳಲ್ಲಿ ಫೋಟೋ ತೆಗೆಯುವುದಕ್ಕೂ ಒಂದು ಕೈ ಬಿಡುವಿರುವುದಿಲ್ಲ. ದಾನಿಗಳು ಸಿಗದ ಊರಿನ ಶಿಕ್ಷಕರು ಏನು ಮಾಡಬೇಕು? ಅವರ ಕೆಲಸಕ್ಕೆ ಬೆಲೆ ಇಲ್ಲವಾ?

ಇನ್ನೊಂದು ಮಾತು, ಸ್ವಲ್ಪ ಕಹಿ ಅನ್ನಿಸಿದರೂ ಹೇಳುತ್ತೇನೆ. ಒಬ್ಬರನ್ನು ಹೊಗಳಿ ಉಳಿದವರಿಗೆ ಚುಚ್ಚುವುದು ಮೆಚ್ಚುಗೆ ಅಲ್ಲ. "ಆ ಶಾಲೆಯವರು ಮಾಡಿದ್ದಾರೆ, ನಿಮಗೇನು ಕಷ್ಟ?" ಅಂತ ಸಭೆಯಲ್ಲಿ ಕೇಳಿದರೆ ಆ ಶಾಲೆಯ ಶಿಕ್ಷಕರು ಊಟದ ಹೊತ್ತಿಗೆ ಒಬ್ಬರೇ ಕೂತಿರುತ್ತಾರೆ. ಬದಲಿಗೆ ಅವರನ್ನೇ ಎದ್ದು ನಿಂತು ಹೇಗೆ ಮಾಡಿದರು ಅಂತ ಹೇಳಲು ಕೇಳಿ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ಇರುವುದೇ ಅದಕ್ಕಲ್ವಾ? ಅಲ್ಲಿ ಸುತ್ತೋಲೆ ಓದುವುದು ಕಡಿಮೆ ಮಾಡಿ, ಅರ್ಧ ಗಂಟೆ ಒಬ್ಬ ಶಿಕ್ಷಕರಿಗೆ ಕೊಡಿ. ತಾನು ಮಾಡಿದ್ದನ್ನು ನಾಲ್ಕು ಜನ ಸಹೋದ್ಯೋಗಿಗಳು ಪೆನ್ನು ಹಿಡಿದು ಬರೆದುಕೊಳ್ಳುವುದನ್ನು ನೋಡಿದಾಗ ಆಗುವ ಸಂತೋಷ ಯಾವ ಶಾಲಿನಲ್ಲೂ ಇಲ್ಲ.

ಬಿಸಿಯೂಟದ ಅಡುಗೆಯವರನ್ನು ಮರೆತರೆ ಈ ಪತ್ರ ಬರೆದೂ ಪ್ರಯೋಜನ ಇಲ್ಲ. ಬೆಳಿಗ್ಗೆ ಬಂದು ಹಾಲು ಕಾಯಿಸಿ, ಅನ್ನ ಸಾಂಬಾರು ಮಾಡಿ, ಬಡಿಸಿ, ಪಾತ್ರೆ ತೊಳೆದು ಹೋಗುವ ಈ ಹೆಣ್ಣುಮಕ್ಕಳಿಗೆ ಸಿಗುವುದು ತಿಂಗಳಿಗೆ ಕೆಲವೇ ಸಾವಿರ ರೂಪಾಯಿ. ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು ಅನ್ನುವ ನಿಯಮ ಇದೆ. ದಿನಾ "ಊಟ ರುಚಿಯಾಗಿದೆ" ಅಂತ ಬರೆದು ಸಹಿ ಹಾಕುತ್ತೇವೆ. ಆ ಪುಸ್ತಕ ಆಫೀಸಿನ ಕಪಾಟಿನಲ್ಲೇ ಇರುತ್ತದೆ, ಅಡುಗೆ ಮಾಡಿದ ಅಕ್ಕನವರೆಗೆ ಹೋಗುವುದೇ ಇಲ್ಲ. ನೀವು ಭೇಟಿಗೆ ಬಂದಾಗ ಅಡುಗೆಮನೆಯ ಸ್ವಚ್ಛತೆ ನೋಡುತ್ತೀರಿ, ದಾಸ್ತಾನು ಲೆಕ್ಕ ನೋಡುತ್ತೀರಿ, ನೋಡಲೇಬೇಕು. ಜೊತೆಗೆ ಮಕ್ಕಳ ಪಕ್ಕ ಕೂತು ಊಟ ಮಾಡಿ, "ಅಕ್ಕಾ, ಸಾಂಬಾರು ಚೆನ್ನಾಗಿತ್ತು, ಇನ್ನೊಂದು ಸೌಟು ಹಾಕಿ" ಅಂತ ಕೇಳಿ. ಅತಿಥಿ ಶಿಕ್ಷಕರದ್ದೂ ಇದೇ ಪಾಡು. ಕಾಯಂ ಶಿಕ್ಷಕರಷ್ಟೇ ಪಾಠ ಮಾಡುತ್ತಾರೆ, ಸಭೆಗಳಲ್ಲಿ ಅವರ ಹೆಸರು ಬರುವುದೇ ಇಲ್ಲ, ಉತ್ತಮ ಶಿಕ್ಷಕರನ್ನು ಆರಿಸುವಾಗ ಅವರು ಲೆಕ್ಕಕ್ಕೇ ಇಲ್ಲ.

ಇಲ್ಲಿ ಯಾರಾದರೂ ಕೇಳಬಹುದು, ಒಳ್ಳೆಯ ಮಾತಿನಿಂದ ಹೊಟ್ಟೆ ತುಂಬುತ್ತದಾ ಅಂತ. ಇಲ್ಲ, ತುಂಬುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ತನ್ನ ಸಹೋದ್ಯೋಗಿಗಳ ಜೊತೆ ಸುಮಾರು 200 ಎಂಜಿನಿಯರು ಮತ್ತು ಲೆಕ್ಕಪತ್ರದವರನ್ನು ಮಾತಾಡಿಸಿ, ಕೆಲಸದಲ್ಲಿ ತುಂಬ ಖುಷಿ ಆದದ್ದು ಯಾವಾಗ, ತುಂಬ ಬೇಸರ ಆದದ್ದು ಯಾವಾಗ ಅಂತ ಕೇಳಿ 1959ರಲ್ಲಿ ಅದನ್ನು ಪ್ರಕಟಿಸಿದ. ಬೇಸರಕ್ಕೆ ಕಾರಣ ಅಂತ ಜನ ಜಾಸ್ತಿ ಹೇಳಿದ್ದು ಸಂಸ್ಥೆಯ ನಿಯಮಗಳು, ಮೇಲಧಿಕಾರಿಯ ರೀತಿ, ಸಂಬಳ, ಸೌಲಭ್ಯದ ವಿಷಯಗಳು. ಖುಷಿಗೆ ಕಾರಣ ಅಂತ ಹೇಳಿದ್ದು ಏನನ್ನಾದರೂ ಸಾಧಿಸಿದ್ದು, ಅದನ್ನು ಇನ್ನೊಬ್ಬರು ಗುರುತಿಸಿದ್ದು, ಕೆಲಸವೇ ಹಿಡಿಸಿದ್ದು. ಅವನ ಸಿದ್ಧಾಂತದ ಬಗ್ಗೆ ಆಮೇಲೆ ವಾದಗಳು ಬಂದಿವೆ, ಇರಲಿ. ನನ್ನ ಅನುಭವಕ್ಕೆ ಅದು ಸರಿಯಾಗಿ ಕೂರುತ್ತದೆ. ಸಂಬಳ ತಡವಾದರೆ, ಶೌಚಾಲಯಕ್ಕೆ ನೀರಿಲ್ಲದಿದ್ದರೆ ಮನಸ್ಸು ಕುಸಿಯುತ್ತದೆ. ಅದನ್ನು ಯಾವ ಹೊಗಳಿಕೆಯೂ ಎತ್ತುವುದಿಲ್ಲ. ಅಡುಗೆಯವರಿಗೆ ಹಣ ಕೊಡದೆ "ನೀವು ಅನ್ನಪೂರ್ಣೆಯರು" ಅಂದರೆ ಅದು ನೋವೇ. ಹಾಗೆಯೇ ಸಂಬಳ ಸರಿಯಾಗಿ ಬಂದ ಮಾತ್ರಕ್ಕೆ ಯಾರೂ ಊಟದ ಬಿಡುವಿನಲ್ಲಿ ಓದಲು ಬಾರದ ಮಗುವಿನ ಪಕ್ಕ ಕೂರುವುದಿಲ್ಲ. ಎರಡೂ ಬೇಕು, ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ.

ನಿಮ್ಮ ಕಷ್ಟವೂ ನಮಗೆ ಕಾಣದೆ ಇಲ್ಲ. ಒಂದು ತಾಲ್ಲೂಕಿಗೆ ಒಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿ, ನೂರಾರು ಶಾಲೆ, ದಿನಾ ಸಭೆ, ಮೇಲಿನಿಂದ ವಿಡಿಯೋ ಕಾನ್ಫರೆನ್ಸು, ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆಯಾದರೆ ಮೊದಲ ನೋಟಿಸ್ ನಿಮಗೇ. ನಿಮ್ಮನ್ನೂ ಯಾರೂ ಕೂರಿಸಿಕೊಂಡು "ಈ ವರ್ಷ ಇದನ್ನು ಚೆನ್ನಾಗಿ ಮಾಡಿದಿರಿ" ಅಂದಿರಲಿಕ್ಕಿಲ್ಲ. ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಪಾಡಂತೂ ಹೇಳುವುದೇ ಬೇಡ, ಅವರೂ ಶಿಕ್ಷಕರೇ, ಈಗ ಬೈಕಿನಲ್ಲಿ ಮಾಹಿತಿ ಸಂಗ್ರಹ ಮಾಡುತ್ತಾ ತಿರುಗುತ್ತಾರೆ. ಎಲ್ಲ ಶಾಲೆಗೂ ಹೋಗಲು ಆಗುವುದಿಲ್ಲ ಅನ್ನುವುದು ನಿಜ. ಆದರೆ ಹೋದ ಶಾಲೆಯಲ್ಲಾದರೂ ಮೊದಲು ದಾಖಲೆ ಕೇಳದೆ ತರಗತಿಗೆ ಹೋಗಬಹುದು. ಮುಖ್ಯಶಿಕ್ಷಕರು ತಮ್ಮ ಶಾಲೆಯಲ್ಲಿ ಇದನ್ನು ನಾಳೆಯಿಂದಲೇ ಶುರು ಮಾಡಬಹುದು, ಅವರಿಗೆ ಯಾವ ಸುತ್ತೋಲೆಯೂ ಬೇಕಿಲ್ಲ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷದ ಭೇಟಿಗಳಲ್ಲಿ ಸಂದರ್ಶನ ಪುಸ್ತಕದಲ್ಲಿ ಕೊರತೆ ಬರೆಯುವ ಮುಂಚೆ, ತರಗತಿಯಲ್ಲಿ ಕಣ್ಣಾರೆ ಕಂಡ ಒಂದು ಒಳ್ಳೆಯ ಕೆಲಸವನ್ನು ಶಿಕ್ಷಕರ ಹೆಸರಿನ ಜೊತೆ ಬರೆಯಿರಿ. ಗ್ರೂಪಿನಲ್ಲಿ ಮಾಹಿತಿ ಕೊಡದವರ ಪಟ್ಟಿ ಹಾಕುವುದನ್ನು ನಿಲ್ಲಿಸಿ, ಅವರಿಗೆ ಫೋನ್ ಮಾಡಿ ಏನಾಯಿತು ಅಂತ ಕೇಳಿ. ತಾಲ್ಲೂಕು ಮಟ್ಟದ ಪ್ರಶಸ್ತಿಯ ಮಟ್ಟಿಗಾದರೂ ಶಿಕ್ಷಕರಿಂದ ಅರ್ಜಿ ತೆಗೆದುಕೊಳ್ಳುವುದನ್ನು ಕೈಬಿಡಿ. ಹೆಸರು ಬೇರೆಯವರು ಹೇಳಲಿ, ನೀವು ಹೋಗಿ ನೋಡಿ ಬನ್ನಿ, ವೇದಿಕೆಯ ಮೇಲೆ ಆ ತರಗತಿಯಲ್ಲಿ ನೀವು ಕಂಡದ್ದನ್ನು ಐದು ನಿಮಿಷ ಹೇಳಿ. ಅದಕ್ಕೆ ಗಣ್ಯರ ಭಾಷಣ ಒಂದು ಕಡಿಮೆ ಮಾಡಿದರೂ ನಡೆಯುತ್ತದೆ. ಆ ದಿನ ಅಡುಗೆಯವರಿಗೂ ಅತಿಥಿ ಶಿಕ್ಷಕರಿಗೂ ಮುಂದಿನ ಸಾಲಿನಲ್ಲಿ ಜಾಗ ಇರಲಿ.

ಅರ್ಜಿ ಕರೆಯುವ ಸುತ್ತೋಲೆ ಇನ್ನೂ ಹೊರಟಿಲ್ಲದಿದ್ದರೆ ದಯವಿಟ್ಟು ಅದನ್ನು ತಡೆದು, ಮೊದಲು ನಿಮ್ಮ ತಾಲ್ಲೂಕಿನ ಯಾವುದಾದರೂ ಏಕೋಪಾಧ್ಯಾಯ ಶಾಲೆಗೆ ಹೋಗಿ ಒಂದು ಬೆಳಿಗ್ಗೆ ಕೂತು ಬನ್ನಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಸರ್ಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ